ಹಂದಿಗಿಲ್ಲದ ಗಡಿ ಕೋವಿಗೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಗದ್ದೆತೋಟಗಳನ್ನು ಕಾಡುಹಂದಿಯ ಬಾಯಿಂದ ಕಾಯುವ ಬಗೆ ಹೇಗೆ, ಅದಕ್ಕೆ ಯಾವ ಕೋವಿ ತಕ್ಕದ್ದು, ಆ ಕೋವಿಗೆ ಯಾವ ಮದ್ದುಗುಂಡು ತಕ್ಕದ್ದು ಎಂಬ ವಿಚಾರವು ನಾಡಿನ ಐಕ್ಯವನ್ನು ವ್ರತವಾಗಿ ಹಿಡಿದ ಪತ್ರಿಕೆಯಲ್ಲಿ ಬರತಕ್ಕ ವಿಷಯವೇ ಎಂದು ಕೆಲವು ಪಟ್ಟಣವಾಸಿಗಳು ಮೂಗು ಮುರಿಯಬಹುದು. ಅಂಥವರಿಗೆ ನಮ್ಮ ಉತ್ತರವಿಷ್ಟೆ: ನಾಡೆಂದರೆ ನಕಾಶೆಯ ಮೇಲಿನ ಗೆರೆಯಲ್ಲ. ಉತ್ತವನ ಹೊಲಕ್ಕೆ ರಕ್ಷಣೆಯಿಲ್ಲದ ನಾಡಿನಲ್ಲಿ ಭುವನೇಶ್ವರಿಯ ಭಾವಚಿತ್ರಕ್ಕೆ ಎಷ್ಟು ಹಾರ ಹಾಕಿದರೂ ಅದು ಬಾಯುಪಚಾರವೇ ಸರಿ.

ಮಲೆನಾಡಿನ ರೈತನ ಕಷ್ಟವನ್ನು ಅರಿಯದವರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಇಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ಕಾನಿನ ಅಂಚಿನಲ್ಲಿ ಒಂದು ಮನೆ, ಅದರ ಕೆಳಗೆ ಅಡಕೆಯ ತೋಟ, ತೋಟದ ಬಾಯಲ್ಲಿ ಒಂದಿಷ್ಟು ಗದ್ದೆ, ಹಿಂದೆ ಸೊಪ್ಪಿನಬೆಟ್ಟ. ಮುಂದಿನ ಮನೆಗೆ ಅರ್ಧ ಮೈಲಿ. ಹಾಲುಗಟ್ಟಿದ ಭತ್ತದ ಗದ್ದೆಗೆ ಹಂದಿಯ ಹಿಂಡು ಒಂದು ರಾತ್ರಿ ಇಳಿಯಿತೆಂದರೆ ತಿಂದದ್ದಕ್ಕಿಂತ ತುಳಿದು ಹೊರಳಿ ಹಾಳು ಮಾಡಿದ್ದೇ ಹೆಚ್ಚು. ತೋಟದಲ್ಲಿ ಎರೆಹುಳುವಿಗಾಗಿ ಮೂತಿಯಿಂದ ಮಣ್ಣು ಸೀಳಿ ಅಡಕೆಯ ಎಳೆಗಿಡಗಳನ್ನು ಬುಡಮೇಲು ಮಾಡುತ್ತದೆ. ಬಾಳೆ, ಸುವರ್ಣಗೆಡ್ಡೆ, ಕಬ್ಬು, ಮೆಕ್ಕೆಜೋಳ ಯಾವುದನ್ನೂ ಬಿಡುವುದಿಲ್ಲ. ಹೆಣ್ಣುಹಂದಿಯು ಸುಮಾರು ನಾಲ್ಕು ತಿಂಗಳು ಗರ್ಭ ಹೊತ್ತು ಒಂದೇ ಸೂಲಿನಲ್ಲಿ ನಾಲ್ಕಾರು ಮರಿಗಳನ್ನು ಹಾಕುವ ಪ್ರಾಣಿ. ಅಗಳ ತೋಡಿ, ಬೇಲಿ ಕಟ್ಟಿ, ಬೆದರುಬೊಂಬೆ ನಿಲ್ಲಿಸಿ, ಡಬ್ಬ ಬಡಿದು ಬೇಸತ್ತು ಗದ್ದೆಯನ್ನೇ ಬೀಳು ಬಿಡುವ ಸ್ಥಿತಿಗೆ ಬಂದ ಕುಟುಂಬಗಳು ಈ ಸೀಮೆಯಲ್ಲಿ ಅಪರೂಪವಲ್ಲ. ಬಿತ್ತುವವನು ಬಿತ್ತುವುದನ್ನೇ ಬಿಟ್ಟನೆಂದರೆ ಅದಕ್ಕಿಂತ ದೊಡ್ಡ ಸೋಲು ನಾಡಿಗೆ ಯಾವುದು?

ಈ ಪ್ರಶ್ನೆಯ ಬೇರು ಚರಿತ್ರೆಯಲ್ಲಿದೆ. 1956ಕ್ಕೆ ಮುಂಚೆ ಈ ಮೂರು ತಾಲ್ಲೂಕುಗಳು ಮೈಸೂರಿಗೆ ಸೇರಿದ್ದವು. ಸಾಗರದ ಬೇಲಿಯಾಚೆಗಿನ ಸಿದ್ದಾಪುರವು ಮುಂಬಯಿಗೆ, ಹೊಸನಗರದ ಘಟ್ಟದ ಕೆಳಗಿನ ಕುಂದಾಪುರವೂ ಆಗುಂಬೆಯ ಕೆಳಗಿನ ಕಾರ್ಕಳವೂ ಮದರಾಸಿಗೆ ಸೇರಿದ್ದವು. ಹಂದಿಯು ಮುಂಬಯಿಯಲ್ಲಿ ಮಲಗಿ, ಮೈಸೂರಿನಲ್ಲಿ ಮೇದು, ಮದರಾಸಿಗೆ ಇಳಿಯುತ್ತಿತ್ತು, ಅದನ್ನು ಕೇಳುವವರಿರಲಿಲ್ಲ. ಅದರ ಬೆನ್ನು ಹತ್ತಿದ ಕನ್ನಡಿಗನಿಗೆ ಮಾತ್ರ ಮೂರು ಸರಕಾರಗಳ ಮೂರು ಕಚೇರಿಗಳು. 1956ರ ನವೆಂಬರ್ 1ರಂದು ಆ ಗಡಿಕಲ್ಲುಗಳು ಉರುಳಿದವು. ಆದರೆ ಕೋವಿಯ ವಿಷಯದಲ್ಲಿ ಕನ್ನಡಿಗರೆಲ್ಲರೂ ಒಂದಾದರೆ? ಇಲ್ಲ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡಗಿನ ಜನರನ್ನು ಅಂದಿನ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಹೊರಗಿಟ್ಟನು. ನೆನಪಿರಲಿ, ಅದೇ ಕಬ್ಬನ್ನನು ಮೈಸೂರಿಗೂ ಕಮಿಷನರನಾಗಿದ್ದನು. ನಮ್ಮ ನಗರ ಸೀಮೆಯೂ ಅವನ ಕೈಕೆಳಗೇ ಇತ್ತು. 1830-31ರಲ್ಲಿ ಕಂದಾಯದ ಕಿರುಕುಳಕ್ಕೆ ಎದುರು ನಿಂತು ದಂಗೆಯೆದ್ದ ರೈತರು ಇದೇ ನಗರ ಸೀಮೆಯವರು. ಪರಕೀಯ ಪ್ರಭುತ್ವವು ಯಾರನ್ನು ನಂಬಿಗಸ್ತರೆಂದು ಬಗೆಯಿತೋ ಅವರ ಕೈಯಲ್ಲಿ ಕೋವಿಯನ್ನು ಉಳಿಸಿತು. ಆ ವಿನಾಯಿತಿಯನ್ನು ಸ್ವತಂತ್ರ ಭಾರತವು 1963ರಲ್ಲಿ ಮುಂದುವರಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಎಂದರೆ 2029ರ ಅಕ್ಟೋಬರ್ ಅಂತ್ಯದವರೆಗೆ ವಿಸ್ತರಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡವ ಬಂಧುಗಳ ಹಾಗೂ ಜಮ್ಮಾ ಹಿಡುವಳಿದಾರರ ಈ ಹಕ್ಕನ್ನು ಕಿತ್ತುಕೊಳ್ಳಿರೆಂದು ನಾವು ಹೇಳುವವರಲ್ಲ. ಅಣ್ಣನ ತಟ್ಟೆಯ ಅನ್ನವನ್ನು ಕಸಿದು ತಮ್ಮನಿಗೆ ಬಡಿಸುವುದು ನ್ಯಾಯವಲ್ಲ. ಆದರೆ ಕೊಡಗಿನಲ್ಲಿ ತಲೆತಲಾಂತರದಿಂದ ಮನೆಮನೆಯಲ್ಲಿ ಕೋವಿಯಿದ್ದೂ ಶಾಂತಿ ಕೆಟ್ಟಿಲ್ಲವೆಂದು ಸರಕಾರವೇ ಒಪ್ಪಿರುವಾಗ, ಹೊಸನಗರದ ತೋಟಗಾರನನ್ನು ಮಾತ್ರ ಸಂಶಯದ ಕಣ್ಣಿನಿಂದ ನೋಡುವುದಕ್ಕೆ ಕಾರಣವೇನು? ಒಂದೇ ನಾಡಿನ ಮಕ್ಕಳಲ್ಲಿ ಒಬ್ಬನು ನಂಬಿಕೆಗೆ ಅರ್ಹನು, ಇನ್ನೊಬ್ಬನು ಅನರ್ಹನು ಎಂದು 1861ರಲ್ಲಿ ಎಳೆದ ಗೆರೆಯನ್ನು ಇನ್ನೂ ಪೂಜಿಸಬೇಕೆ?

1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದಲ್ಲಿ ಹುಟ್ಟಿದ ಶಸ್ತ್ರ ಕಾಯಿದೆಯನ್ನು ನಮ್ಮ ಹಿರಿಯರು ಅವಮಾನವೆಂದೇ ಬಗೆದರು. 1887ರಲ್ಲಿ ಮದರಾಸಿನಲ್ಲಿ ಸೇರಿದ ಮೂರನೆಯ ಕಾಂಗ್ರೆಸ್ಸು ಅದನ್ನು ತಿದ್ದಬೇಕೆಂದು ನಿರ್ಣಯ ಮಾಡಿತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನಿಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಸ್ವರಾಜ್ಯ ಬಂದ ಮೇಲೆ ಆ ಮಾತು ಸಂವಿಧಾನದಲ್ಲಿ ಕಾಣಲಿಲ್ಲ. ಆದರೂ 1959ರ ಶಸ್ತ್ರ ಕಾಯಿದೆಯು ರೈತನನ್ನು ಪೂರ್ಣವಾಗಿ ಮರೆಯಲಿಲ್ಲ. ಅದರ 13ನೆಯ ಕಲಮನ್ನು ಓದಿ ನೋಡಿರಿ. ನಿಜವಾಗಿ ಬೆಳೆ ಕಾಯಲು ಕೇಪಿನ ಕೋವಿ ಬೇಕೆಂದು ಕೇಳುವ ನಾಗರಿಕನಿಗೆ, ಕಾಯಿದೆಯಲ್ಲಿ ಹೇಳಿದ ಅಡ್ಡಿಗಳಿಲ್ಲದಿದ್ದರೆ, ಪರವಾನಗಿಯನ್ನು ಕೊಡತಕ್ಕದ್ದು. ಅಷ್ಟೇ ಅಲ್ಲ; ಕೇಪಿನ ಕೋವಿಯು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಬೇರೆ ನುಣುಪು ನಳಿಗೆಯ ಕೋವಿಯನ್ನೂ ಕೊಡಬಹುದು. ದಾರಿ ಕಾಯಿದೆಯಲ್ಲೇ ಇದೆ. ಇಲ್ಲದಿರುವುದು ಆ ದಾರಿಯಲ್ಲಿ ನಡೆಯುವ ಮನಸ್ಸು.

ಕೇಪಿನ ಕೋವಿಯು ಮಲೆನಾಡಿನಲ್ಲಿ ಏಕೆ ಸಾಲದು? ಆಗುಂಬೆಯು ತೀರ್ಥಹಳ್ಳಿ ತಾಲ್ಲೂಕಿನದು. ಅಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ಲು ಅದಕ್ಕೆ ಸರಿಜೋಡಿ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ನಾರು ಜಡಿದು, ಗುಂಡು ಇಳಿಸಿ, ಮತ್ತೆ ನಾರು ಜಡಿದು, ಮೊಳೆಯ ಮೇಲೆ ಕೇಪು ಕೂಡಿಸುವ ಈ ಆಯುಧಕ್ಕೆ ತೇವವೇ ಮೃತ್ಯು. ಆಷಾಢದ ರಾತ್ರಿ ಕುದುರೆ ಎಳೆದರೆ ಕೇಪು ಮಾತ್ರ ಚಟ್ಟೆಂದು ಮದ್ದು ಹೊತ್ತದೆ ಹೋಗುವುದುಂಟು. ಹೊತ್ತಿದರೂ ಈಡು ಒಂದೇ. ಗಾಯಗೊಂಡ ಸಲಗವು ತಿರುಗಿ ಬಿದ್ದರೆ ಎರಡನೆಯ ಈಡಿಗೆ ನಿಮಿಷಗಳು ಬೇಕು. ಹಂದಿಯು ಅಷ್ಟು ಹೊತ್ತು ಕಾಯುವುದಿಲ್ಲ. ಆದುದರಿಂದ 13ನೆಯ ಕಲಮಿನಲ್ಲಿ ಹೇಳಿದ ‘ಸಾಲದ ಸಂದರ್ಭ’ವು ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಪ್ರತಿಯೊಬ್ಬ ರೈತನದೂ ಆಗಿದೆ. ಇದನ್ನು ಒಬ್ಬೊಬ್ಬನೂ ಶಿವಮೊಗ್ಗೆಗೆ ಅಲೆದು ರುಜುವಾತು ಮಾಡಬೇಕಾಗಿಲ್ಲ; ಮಳೆಯ ಲೆಕ್ಕವೇ ಸಾಕ್ಷಿ.

ಹಾಗಾದರೆ ಯಾವ ಕೋವಿ? ಇಲ್ಲಿ ಪುಸ್ತಕದ ಶಿಕಾರಿಗಳು ಬಾಯಿ ಹಾಕುತ್ತಾರೆ. ರೈಫಲ್ಲು ಬೇಕು, ದೊಡ್ಡ ರೈಫಲ್ಲು ಬೇಕು ಎನ್ನುತ್ತಾರೆ. ನಮ್ಮ ದೇಶದ ಈಶಾಪುರದ ಕಾರ್ಖಾನೆಯು ನಾಗರಿಕರಿಗಾಗಿ ಮಾಡುವ .315 ಬೋರಿನ ರೈಫಲ್ಲು ಹಂದಿಗೆ ಬೇಕಾದ ಬಲವುಳ್ಳದ್ದೆಂಬುದರಲ್ಲಿ ಸಂದೇಹವಿಲ್ಲ. ಅದನ್ನೇ ಆರಿಸಿದವನು ಮೂತಿ ಮೆತ್ತಗಿನ ಸೀಸದ ಗುಂಡನ್ನೇ ಬಳಸತಕ್ಕದ್ದು. ಪೂರ್ಣ ಲೋಹದ ಕವಚದ ಗುಂಡು ಪ್ರಾಣಿಯನ್ನು ತೂರಿ ಆಚೆ ಹೋಗಿ, ಅದನ್ನು ಕೂಡಲೇ ಕೊಲ್ಲದೆ, ಹಿಂದೆ ನಿಂತದ್ದನ್ನು ಕೆಡವುತ್ತದೆ. ಆದರೆ ರೈಫಲ್ಲಿನ ದೊಡ್ಡ ದೋಷವು ಅದರ ಬಲದಲ್ಲೇ ಇದೆ. ಗುರಿ ತಪ್ಪಿದ ಗುಂಡು ಮೈಲಿಗೂ ಮಿಕ್ಕಿ ಹಾರಬಲ್ಲದು. ಕಣಿವೆಯ ಈಚೆ ನಮ್ಮ ತೋಟ, ಆಚೆ ನೆರೆಯವನ ಮನೆಯಿರುವ ಸೀಮೆಯಲ್ಲಿ, ರಾತ್ರಿಯ ಮಬ್ಬಿನಲ್ಲಿ ಸಮಮಟ್ಟದಿಂದ ರೈಫಲ್ಲು ಹಾರಿಸುವುದು ಹಂದಿಗಿಂತ ಹೆಚ್ಚಿನ ಅಪಾಯ. ಅಟ್ಟಣೆಯ ಮೇಲೆ ಕೂತು ಕೆಳಮುಖವಾಗಿ ಹೊಡೆದು, ತಪ್ಪಿದ ಗುಂಡನ್ನು ನೆಲವೇ ನುಂಗುವಂತಿದ್ದರೆ ಮಾತ್ರ ಅದು ನಿರ್ಭಯ. ಇನ್ನು .22 ರೈಫಲ್ಲಾಗಲಿ ಗಾಳಿಕೋವಿಯಾಗಲಿ ಹಂದಿಗೆ ಸಲ್ಲದು. ಅವುಗಳಿಂದ ಹಂದಿಯನ್ನು ಹೊಡೆಯುವವನು ಬೇಟೆಗಾರನಲ್ಲ, ಚಿತ್ರಹಿಂಸೆ ಕೊಡುವವನು.

ನಮ್ಮ ತೋಟಗಾರನಿಗೆ ತಕ್ಕದ್ದು ಹನ್ನೆರಡು ಬೋರಿನ ಜೋಡುನಳಿಗೆಯ ತೋಟಾ ಕೋವಿ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ ಅದರಲ್ಲೊಂದು ಹಿಡಿಯುವಷ್ಟು ಅಗಲದ ನಳಿಗೆಯೇ ಹನ್ನೆರಡು ಬೋರು. ಆ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರು. ತೋಟಾ ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಎರಡು ಈಡು ಸಿದ್ಧವಾಗಿರುತ್ತವೆ. ಗುಂಡಿನ ಓಟವು ರೈಫಲ್ಲಿನಷ್ಟು ದೂರವಿಲ್ಲ. ಖಡ್ಕಿಯ ಸರಕಾರಿ ಕಾರ್ಖಾನೆಯ ತೋಟಾಗಳು ದೇಶದಲ್ಲಿಯೇ ತಯಾರಾಗತಕ್ಕವು. ಪರದೇಶದ ಸರಕಿಗೆ ಕೈಯೊಡ್ಡಬೇಕಿಲ್ಲ.

ಆದರೆ ಕೋವಿ ಸರಿಯಿದ್ದರೆ ಸಾಲದು. ಅದರೊಳಗೆ ತುಂಬುವುದೂ ಸರಿಯಿರಬೇಕು. ಹಕ್ಕಿಗೆಂದು ಮಾಡಿದ ನಾಲ್ಕು, ಆರು ನಂಬರಿನ ಸಣ್ಣ ಚರೆಯನ್ನು ಹಂದಿಗೆ ಹೊಡೆಯುವುದು ಪಾಪ. ಅದು ತೊಗಲಿನಲ್ಲಿ ಸಿಕ್ಕಿ ಕೀವಾಗಿ ಪ್ರಾಣಿಯನ್ನು ದಿನಗಟ್ಟಲೆ ನರಳಿಸುತ್ತದೆ. ದೊಡ್ಡ ಚರೆಗಳಲ್ಲಿ ಎಲ್ಜಿ, ಎಸ್ಜಿ ಎಂಬ ಎರಡು ಹೆಸರುಗಳು ಪ್ರಸಿದ್ಧ. ಎಲ್ಜಿಯ ಕಾಳು ಸುಮಾರು ಒಂಬತ್ತು ಮಿಲಿಮೀಟರು, ಎಸ್ಜಿಯದು ಎಂಟರ ಮೇಲೆ ಸ್ವಲ್ಪ. ಔನ್ಸಿಗೆ ಎಂಟು ಕಾಳಿನಂತೆ ಎಸ್ಜಿಯ ಒಂದೊಂದು ಕಾಳು ಮೂರೂವರೆ ಗ್ರಾಂ ತೂಗುತ್ತದೆ. ಒಂಟಿಗುಂಡಿನ ತೋಟಾದಲ್ಲಿಯ ಗುಂಡು ಸಾಮಾನ್ಯವಾಗಿ ಒಂದು ಔನ್ಸು, ಎಂದರೆ ಇಪ್ಪತ್ತೆಂಟು ಗ್ರಾಂ. ಬೆಳೆದ ಸಲಗದ ಭುಜದ ಮೇಲೆ ಗುರಾಣಿಯಂತೆ ದಪ್ಪನಾದ ಗಟ್ಟಿ ಪದರವಿರುತ್ತದೆ. ದೂರದಿಂದ ಬಂದ ಚರೆ ಅಲ್ಲಿಯೇ ನಿಲ್ಲುತ್ತದೆ; ಒಂಟಿಗುಂಡು ಅದನ್ನು ಭೇದಿಸಿ ಎದೆಗೆ ಮುಟ್ಟುತ್ತದೆ. ಆದುದರಿಂದ ಮೊದಲನೆಯ ನಳಿಗೆಗೆ ಒಂಟಿಗುಂಡು. ಎಲ್ಜಿ, ಎಸ್ಜಿಗಳನ್ನು ಇಪ್ಪತ್ತು ಹೆಜ್ಜೆಯೊಳಗೆ ಬಂದ ಪ್ರಾಣಿಗೆ ಮಾತ್ರ. ನಳಿಗೆಯ ತುದಿಯು ಬಹಳ ಇರುಕಾಗಿರುವ ಕೋವಿಯಲ್ಲಿ ನಳಿಗೆ ತುಂಬುವ ಉರುಟುಗುಂಡನ್ನು ಹಾಕಕೂಡದು. ನಳಿಗೆ ಸೀಳಿ ಹೊಡೆದವನ ಕೈಯೇ ಹೋದೀತು. ಜರ್ಮನಿಯ ಬೇಟೆಯ ಕಾಯಿದೆಯು ಹಂದಿ ಜಿಂಕೆಗಳಿಗೆ ಚರೆ ಹೊಡೆಯುವುದನ್ನೇ ನಿಷೇಧಿಸಿದೆ. ಹಂದಿಗೆ ಹೊಡೆಯುವ ರೈಫಲ್ಲಿನ ಗುಂಡು ಇಷ್ಟು ಅಗಲವಿರಬೇಕು, ನೂರು ಮೀಟರಿನಲ್ಲಿ ಇಷ್ಟು ಬಲವಿರಬೇಕೆಂದು ಕಟ್ಟು ಮಾಡಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದವನಿಗೆ ಬೇಟೆಯ ಪರವಾನಗಿಯನ್ನೇ ಕೊಡುವುದಿಲ್ಲ. ಕೊಲ್ಲಲೇಬೇಕಾದಲ್ಲಿ ನರಳಿಸದೆ ಕೊಲ್ಲುವುದೇ ದಯೆ ಎಂಬ ತತ್ತ್ವವು ಅಲ್ಲಿ ಕಾಯಿದೆಯಾಗಿದೆ. ನಮ್ಮಲ್ಲಿ ಅಹಿಂಸೆಯ ಮಾತು ಹೆಚ್ಚು, ಅದರ ವಿಚಾರ ಕಡಮೆ.

ಗುರಿಯ ಮಾತನ್ನೂ ಹೇಳಿಬಿಡೋಣ. ಅಡ್ಡವಾಗಿ ನಿಂತ ಹಂದಿಯ ಮುಂಗಾಲಿನ ಸಂದಿನ ಹಿಂದೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಹೃದಯವಿದೆ. ಓಡುವ ಹಂದಿಯ ಹಿಂಬದಿಗೆ ಹೊಡೆಯಬಾರದು. ಮರಿಗಳೊಡನಿರುವ ತಾಯಿಯನ್ನು ಬಿಡಬೇಕು. ಎಲ್ಲಕ್ಕಿಂತ ಮೊದಲಾಗಿ, ಸಪ್ಪಳಕ್ಕೆ ಹೊಡೆಯಬಾರದು, ಅಲುಗಿದ ಪೊದೆಗೆ ಹೊಡೆಯಬಾರದು. ಹಂದಿಯೆಂದು ತಿಳಿದು ಹೊಡೆದ ಈಡು ಜೊತೆಗಾರನ ಎದೆಗೆ ತಗಲಿದ ದುರ್ಮರಣಗಳು ಮಲೆನಾಡಿಗೆ ಹೊಸವಲ್ಲ. ಬೆಳಕು ಹಾಯಿಸಿ, ಪ್ರಾಣಿಯನ್ನು ಪೂರ್ಣವಾಗಿ ಕಂಡ ಮೇಲೆಯೇ ಕುದುರೆಗೆ ಬೆರಳು.

ಇಷ್ಟೆಲ್ಲ ಸಿದ್ಧವಿದ್ದರೂ ರೈತನು ಹಂದಿಯನ್ನು ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಬೇಟೆಯನ್ನು ನಿಷೇಧಿಸಿದೆ. ಕಾಯಿದೆಯ 2022ರ ತಿದ್ದುಪಡಿಯ ಮೇಲೆ ಹಂದಿಯು ಎರಡನೆಯ ಅನುಸೂಚಿಯಲ್ಲಿದೆ. ಆದರೆ 11ನೆಯ ಕಲಮಿನಂತೆ, ಪ್ರಾಣಿಯು ಮನುಷ್ಯರಿಗಾಗಲಿ ಹೊಲದಲ್ಲಿ ನಿಂತ ಬೆಳೆಗಾಗಲಿ ಅಪಾಯಕಾರಿಯಾದರೆ, ಮುಖ್ಯ ವನ್ಯಜೀವಿ ಪಾಲಕನು ಅಥವಾ ಅವನಿಂದ ಅಧಿಕಾರ ಪಡೆದವನು ಕಾರಣಗಳನ್ನು ಬರೆದು ಬೇಟೆಗೆ ಅಪ್ಪಣೆ ಕೊಡಬಹುದು. ಕೇರಳವು 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಗ್ರಾಮ ಪಂಚಾಯಿತಿ ಮೊದಲಾದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಕೈಗೆ ಒಪ್ಪಿಸಿತು. ವಿಷ, ಸಿಡಿಮದ್ದು, ವಿದ್ಯುತ್ತುಗಳನ್ನು ನಿಷೇಧಿಸಿ, ಪರವಾನಗಿಯುಳ್ಳ ಕೋವಿಗಾರರಿಂದ ಮಾತ್ರ ಹಂದಿಯನ್ನು ಹೊಡೆಸಲು ಅನುಮತಿಸಿತು.

ಕನ್ನಡಿಗರೇ, ಇದರ ಅರ್ಥವನ್ನು ವಿಚಾರಿಸಿರಿ! ಕಾಸರಗೋಡು ನಮ್ಮಿಂದ ಅಗಲಿ ಕೇರಳಕ್ಕೆ ಸೇರಿತೆಂದು ನಾವು 1956ರಿಂದ ಕಣ್ಣೀರಿಡುತ್ತ ಬಂದಿದ್ದೇವೆ. ಅಲ್ಲಿಯ ಕನ್ನಡ ರೈತನು ತನ್ನ ಪಂಚಾಯಿತಿಯ ಅಧ್ಯಕ್ಷನ ಬಾಗಿಲಿಗೆ ಹೋಗಿ ಪಡೆಯುವ ಅಪ್ಪಣೆಯನ್ನು, ಕರ್ನಾಟಕದ ಮಡಿಲಲ್ಲೇ ಇರುವ ತೀರ್ಥಹಳ್ಳಿಯ ರೈತನು ಪಡೆಯಬೇಕಾದರೆ ಅರಣ್ಯ ಇಲಾಖೆಯ ಮೆಟ್ಟಿಲುಗಳನ್ನು ಏರಬೇಕು. ಮಲತಾಯಿಯ ಮನೆಯಲ್ಲಿ ಸಿಗುವ ತುತ್ತು ತಾಯಿಯ ಮನೆಯಲ್ಲಿ ಸಿಗದಿದ್ದರೆ, ಕಾಸರಗೋಡನ್ನು ಯಾವ ಮುಖದಿಂದ ಮರಳಿ ಕರೆಯೋಣ?

ಆಕ್ಷೇಪಗಳಿಗೆ ಬರೋಣ. ಕೋವಿ ಕೊಟ್ಟರೆ ಕಡವೆ, ಕಾಡುಕೋಣಗಳು ಉಳಿಯಲಾರವು ಎನ್ನುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ಆದರೆ ಇಂದು ಏನು ನಡೆಯುತ್ತಿದೆ? ಕೋವಿ ಸಿಗದವನು ತಂತಿಯ ಉರುಳು ಹಾಕುತ್ತಾನೆ. ಬೇಲಿಗೆ ಮನೆಯ ವಿದ್ಯುತ್ತನ್ನು ಹರಿಸುತ್ತಾನೆ. ಹಣ್ಣಿನಲ್ಲಿ ಸಿಡಿಮದ್ದು ಅಡಗಿಸಿಡುತ್ತಾನೆ. ಉರುಳಿಗೆ ಕಣ್ಣಿಲ್ಲ, ಹಂದಿಗೆಂದು ಹಾಕಿದ್ದರಲ್ಲಿ ಚಿರತೆ ಬೀಳುತ್ತದೆ. ತಂತಿಗೆ ವಿವೇಕವಿಲ್ಲ, ಬೆಳಗಿನ ಜಾವ ತೋಟಕ್ಕೆ ಹೋದ ಮನೆಯ ಮಗನನ್ನೇ ಕೊಲ್ಲುತ್ತದೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದಿನ ಹಣ್ಣು ಕಚ್ಚಿ ಬಾಯಿ ಸೀಳಿದ ಗರ್ಭಿಣಿ ಆನೆಯು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದನ್ನು ದೇಶವೆಲ್ಲ ಕಂಡು ಮರುಗಿತು. ಪರವಾನಗಿಯ ಕೋವಿಗೆ ನಂಬರುಂಟು, ಒಡೆಯನ ಹೆಸರುಂಟು, ತೋಟಾಗಳ ಲೆಕ್ಕವುಂಟು. ಉರುಳಿಗೆ ಯಾವ ದಫ್ತರಿನಲ್ಲಿ ಲೆಕ್ಕ? ಈ ಕೃತ್ಯಗಳನ್ನು ಮಾಡುವ ನಮ್ಮ ರೈತ ಬಂಧುಗಳಿಗೂ ಒಂದು ಮಾತು: ನಿಮ್ಮ ಸಂಕಟ ನಿಜ, ನಿಮ್ಮ ಉಪಾಯ ಅಧರ್ಮ. ಕಳ್ಳತನದಿಂದ ಉರುಳು ಹಾಕುವ ಕೈಯು ಹಕ್ಕಿಗಾಗಿ ಮೇಲೇಳಲಾರದು.

ಹಂದಿಯು ಹುಲಿ ಚಿರತೆಗಳ ಆಹಾರವೆಂಬ ಆಕ್ಷೇಪವೂ ಉಂಟು. ಒಪ್ಪಿದೆವು. 62ನೆಯ ಕಲಮಿನಂತೆ ಹಂದಿಯನ್ನು ಪೀಡೆಯೆಂದು ಸಾರಿ ಕಂಡಲ್ಲಿ ಕೊಲ್ಲಿರೆಂದು ನಾವು ಕೇಳುವುದಿಲ್ಲ. ಬಿಹಾರಕ್ಕೂ ಉತ್ತರಾಖಂಡಕ್ಕೂ ಕೇಂದ್ರ ಸರಕಾರವು 2015-16ರಲ್ಲಿ ಅಂಥ ಘೋಷಣೆ ಕೊಟ್ಟಿತು. ಕೇರಳವು ಕೇಳಿದಾಗ ಕೊಡಲಿಲ್ಲ. ನಮಗೆ ಅದು ಬೇಡ. ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಹಂದಿಯು ಹಂದಿಯಾಗಿಯೇ ಬಾಳಲಿ. ಗದ್ದೆಗೆ ಇಳಿದ ಹಂದಿಯ ಮಾತಷ್ಟೇ ನಮ್ಮದು.

ಇನ್ನೊಂದು ಕೀಟಲೆಯುಂಟು. ಚುನಾವಣೆ ಬಂತೆಂದರೆ ಹಳ್ಳಿಯ ಕೋವಿಗಳೆಲ್ಲ ಪೊಲೀಸು ಠಾಣೆಗೆ. ಚುನಾವಣಾ ಆಯೋಗದ ಸೂಚನೆಯಾದರೋ, ಪರಿಶೀಲನಾ ಸಮಿತಿಯು ಒಬ್ಬೊಬ್ಬರನ್ನು ವಿಚಾರಿಸಿ, ಜಾಮೀನಿನ ಮೇಲಿರುವವರು, ಅಪರಾಧ ಮಾಡಿದವರು, ಗಲಭೆಯಲ್ಲಿ ಸಿಕ್ಕವರು ಮೊದಲಾದವರಿಂದ ಆಯುಧ ಪಡೆಯತಕ್ಕದ್ದೆಂದು ಇದೆ. ಸೂಚನೆಯು ಶೋಧಿಸಿರೆಂದರೆ ಆಚರಣೆಯು ಸಾರಾಸಗಟಾಗಿ ಬಾಚಿಕೊಳ್ಳುತ್ತದೆ. 2023ರ ಮೇ 10ರಂದು ವಿಧಾನಸಭೆಗೆ ಮತದಾನ, 2024ರ ಮೇ 7ರಂದು ಈ ಸೀಮೆಯಲ್ಲಿ ಲೋಕಸಭೆಗೆ ಮತದಾನ. ಎರಡು ಬೇಸಗೆಗಳು ಒಂದರ ಹಿಂದೊಂದು! ಹಂದಿಗೆ ನೀತಿಸಂಹಿತೆಯನ್ನು ಓದಿ ಹೇಳುವವರು ಯಾರು?

ಆದುದರಿಂದ ನಾವು ಸರಕಾರವನ್ನು ಕೇಳುವುದು ಇಷ್ಟು. ಮೊದಲನೆಯದು, ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೇಪಿನ ಕೋವಿಯು ಸಾಲದೆಂದು ಸಾಮಾನ್ಯವಾಗಿ ಒಪ್ಪಿ, ಬೆಳೆ ಕಾಯುವವನಿಗೆ ಹನ್ನೆರಡು ಬೋರಿನ ಕೋವಿಯನ್ನು ತಡಮಾಡದೆ ಕೊಡತಕ್ಕದ್ದು. ಎರಡನೆಯದು, 11ನೆಯ ಕಲಮಿನ ಅಧಿಕಾರವನ್ನು ಕೇರಳದಂತೆ ಪಂಚಾಯಿತಿಯ ಬಾಗಿಲಿಗೆ ತರತಕ್ಕದ್ದು. ಆ ಅಪ್ಪಣೆಯಲ್ಲಿ ಕೋವಿಯ ಬಗೆ, ಗುಂಡಿನ ಬಗೆ, ಹೊಡೆಯುವ ದೂರಗಳನ್ನು ಬರೆದು, ಸಣ್ಣ ಚರೆಯನ್ನು ನಿಷೇಧಿಸತಕ್ಕದ್ದು. ಮೂರನೆಯದು, ಕೋವಿ ಪಡೆದವನಿಗೆ ತಾಲ್ಲೂಕಿನಲ್ಲಿಯೇ ಗುರಿಯ ಶಿಕ್ಷಣವಾಗತಕ್ಕದ್ದು. ನಾಲ್ಕನೆಯದು, ಸತ್ತ ಹಂದಿಯನ್ನು ಸಾಕ್ಷಿಗಳ ಮುಂದೆ ಹೂಳತಕ್ಕದ್ದು. ಮಾಂಸದ ಆಸೆಯು ಬೆಳೆಯ ರಕ್ಷಣೆಯ ವೇಷ ಹಾಕಬಾರದು. ಐದನೆಯದು, ಚುನಾವಣೆಯ ಹೆಸರಿನಲ್ಲಿ ನಿರಪರಾಧಿಯ ಕೋವಿಯನ್ನು ಕಸಿಯಕೂಡದು.

ಉಪಾಧ್ಯಾಯ ಮಹಾಶಯರೇ, ಪಟ್ಟಣದ ಓದುಗ ಬಂಧುಗಳೇ! ಹಳ್ಳಿಯ ರೈತನು ಅರ್ಜಿ ಬರೆಯಲಾರದೆ ಕೂತಿರುವಾಗ ನಿಮ್ಮ ಲೇಖನಿಯು ಸುಮ್ಮನಿರಬಾರದು. 13ನೆಯ ಕಲಮಿನಲ್ಲಿಯೂ 11ನೆಯ ಕಲಮಿನಲ್ಲಿಯೂ ಏನಿದೆಯೆಂದು ಅವನಿಗೆ ಕನ್ನಡದಲ್ಲಿ ತಿಳಿಯಹೇಳಿರಿ. ಅವನ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡಿರಿ. ಕನ್ನಡದಲ್ಲಿಯೇ ಉತ್ತರ ಕೇಳಿರಿ. ಪ್ರತಿ ಗ್ರಾಮಸಭೆಯಲ್ಲಿ ಈ ಐದು ಬೇಡಿಕೆಗಳು ನಿರ್ಣಯವಾಗಿ ಶಿವಮೊಗ್ಗೆಗೂ ಬೆಂಗಳೂರಿಗೂ ಹೋಗಲಿ. ಭತ್ತ ಹಾಲುಗಟ್ಟುವ ಕಾಲವು ಯಾವ ಕಚೇರಿಯ ಕಡತಕ್ಕೂ ಕಾಯುವುದಿಲ್ಲ.